ಕರುಣೆಯ ಋಣ

ಕ್ರೈಸ್ತಧರ್ಮದ ಬೋಧನೆಯಲ್ಲಿ ಎರಡು ಮಾತುಗಳು ಯಾವಾಗಲೂ ಜೊತೆಯಾಗಿ ಬರುತ್ತವೆ. ಒಂದು ದೇವರ ಕರುಣೆ. ಇನ್ನೊಂದು ಮನುಷ್ಯನ ದೀನತೆ. ನಮ್ಮ ಕರಾವಳಿಯ ಕ್ರೈಸ್ತರು ಮನೆಯಲ್ಲಾಡುವ ಕೊಂಕಣಿಯಲ್ಲಿ ಕರುಣೆಗೆ 'ಕಾಕುಳ್ತ್' ಎನ್ನುತ್ತಾರೆ. ನಮ್ಮ ಕನ್ನಡದ 'ಕಕ್ಕುಲಾತಿ'ಯನ್ನು ಬಲ್ಲವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀನನಾದವನಿಗೆ 'ಖಾಲ್ತೊ' ಎನ್ನುತ್ತಾರೆ, ಎಂದರೆ ತಗ್ಗಿದವನು. ಲ್ಯಾಟಿನ್ ಭಾಷೆಯಲ್ಲಿ ದೀನತೆಯನ್ನು ಹೇಳುವ ಶಬ್ದವಾದರೋ ಮಣ್ಣು ಎಂಬರ್ಥದ ಶಬ್ದದಿಂದಲೇ ಹುಟ್ಟಿದ್ದು. ನಾನು ಆ ಧರ್ಮದಲ್ಲಿ ಹುಟ್ಟಿದವನಲ್ಲ. ಆದರೆ ಪೊಳಲಿಯ ಆಸುಪಾಸಿನಲ್ಲಿ ಬಹುಕಾಲ ಚರಿತ್ರೆಯ ಪಾಠ ಹೇಳಿದವನಿಗೆ ಈ ಎರಡು ಮಾತುಗಳು ಕೇವಲ ಪ್ರವಚನದ ವಿಷಯವಾಗಿ ಕಂಡಿಲ್ಲ. ಇವು ನಮ್ಮ ನೆಲದಲ್ಲಿ ನಡೆದುಹೋದ ಸಂಗತಿಗಳು. ಆ ಸಂಗತಿಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿಯೂ ಬಂಧುಗಳಿಗಾಗಿಯೂ ಇಲ್ಲಿ ಒಟ್ಟುಮಾಡಿ ಬರೆಯುತ್ತಿದ್ದೇನೆ.

ಪೊಳಲಿಯಿಂದಲೇ ಆರಂಭಿಸೋಣ. ಫಲ್ಗುಣಿ ನದಿಯ ದಡದಲ್ಲಿರುವ ಈ ಊರನ್ನು ಸಂಸ್ಕೃತದಲ್ಲಿ ಪುಳಿನಾಪುರ, ಅಂದರೆ ಮಳಲಿನ ಊರು ಎಂದಿದ್ದಾರೆ. ಇಲ್ಲಿಯ ರಾಜರಾಜೇಶ್ವರಿಯ ಬೃಹನ್ಮೂರ್ತಿ ಕಲ್ಲಿನದಲ್ಲ, ಲೋಹದ್ದೂ ಅಲ್ಲ, ಮಣ್ಣಿನದು. ಆ ಮೃಣ್ಮಯ ಮೂರ್ತಿಯ ಮುಂದೆ ರಾಜರೂ ಸಾಮಂತರೂ ತಲೆ ತಗ್ಗಿಸಿದ್ದಾರೆ. ತಿಂಗಳುಗಟ್ಟಲೆ ನಡೆಯುವ ಜಾತ್ರೆ, ಪೊಳಲಿ ಚೆಂಡಿನ ಉತ್ಸಾಹ ಇವೆಲ್ಲ ನಿಮಗೆ ತಿಳಿದದ್ದೇ. ಪೊಳಲಿಗೆ ದೂರವಲ್ಲದ ಮಳಲಿ-ಮಣೇಲಿನ ಕಡೆಗೆ ಈ ನದಿಯಲ್ಲೇ ದೋಣಿಯೇರಿ ಬಂದ ಒಬ್ಬ ವಿದೇಶೀಯನ ಕಥೆ ಮಾತ್ರ ಅಷ್ಟು ಪ್ರಚಾರದಲ್ಲಿಲ್ಲ.

ಆತ ಇಟಲಿಯ ರೋಮ್ ನಗರದ ಕುಲೀನ ಗೃಹಸ್ಥ, ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಮಂಗಳೂರಿಗೆ ಬಂದಿದ್ದ ಅವನು ಉಳ್ಳಾಲದ ರಾಣಿಯನ್ನು ಕಾಣಲು ಮಣೇಲಿಗೆ ಬಂದನು. ರಾಣಿ ಅರಮನೆಯಲ್ಲಿರಲಿಲ್ಲ. ನೀರು ಹಾಯಿಸುವ ಕಾಲುವೆಗಳನ್ನು ತೋಡುತ್ತಿದ್ದ ಸ್ಥಳಕ್ಕೆ ಹೊರಟಿದ್ದ ಅವಳು ಬೀದಿಯಲ್ಲಿಯೇ ಇವನಿಗೆ ಎದುರಾದಳು. ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ನೋಡಲು ಅಡುಗೆಯವಳಂತೆ ಕಂಡರೂ, ಬಾಯಿ ತೆರೆದೊಡನೆ ಅವಳ ವಿವೇಕವೂ ಗಾಂಭೀರ್ಯವೂ ಪ್ರಕಟವಾದುವೆಂದು ಅವನು ತನ್ನ ಪತ್ರದಲ್ಲಿ ಬರೆದಿಟ್ಟಿದ್ದಾನೆ. ಆಕೆ ಚೌಟ ವಂಶದ ಅಬ್ಬಕ್ಕದೇವಿ. ರೋಮಿನ ವೈಭವವನ್ನು ಕಂಡ ಕ್ರೈಸ್ತನೊಬ್ಬನಿಗೆ, ಬರಿಗಾಲಿನಲ್ಲಿ ಮಣ್ಣು ತುಳಿಯುತ್ತ ಕೃಷಿಯ ಕೆಲಸ ನೋಡುವ ಜೈನ ರಾಣಿಯ ದರ್ಶನವಾದದ್ದು ನಮ್ಮ ಈ ನದೀತೀರದಲ್ಲಿ. ಈ ಚೌಟರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಚೌಟರು ಜೈನರು, ಅಳಿಯಸಂತಾನದವರು. ಪುತ್ತಿಗೆ, ಉಳ್ಳಾಲ, ಮೂಡಬಿದಿರೆ ಅವರ ರಾಜಧಾನಿಗಳಾಗಿದ್ದುವು. ಕರಾವಳಿಯ ವ್ಯಾಪಾರವನ್ನೆಲ್ಲ ತಮ್ಮ ಮುಷ್ಟಿಯಲ್ಲಿ ಹಿಡಿಯಲು ಬಂದ ಪೋರ್ಚುಗೀಸರಿಗೆ ತಲೆಬಾಗದೆ, ಕಪ್ಪ ಕೊಡಲು ನಿರಾಕರಿಸಿ ಕಾದಿದವಳು ಇದೇ ವಂಶದ, ಇದೇ ಹೆಸರಿನ ರಾಣಿ. 16ನೆಯ ಶತಮಾನದ ಉತ್ತರಾರ್ಧದ ಆ ಕದನಗಳ ನಡುವೆಯೇ, 1568ರ ಸುಮಾರಿಗೆ, ಪೋರ್ಚುಗೀಸರು ಈ ಭಾಗದಲ್ಲಿ ಮೂರು ಇಗರ್ಜಿಗಳನ್ನು ಕಟ್ಟಿಸಿದರು. ಒಂದು ಮಂಗಳೂರಿನ ಬೋಳಾರದಲ್ಲಿ, ರೊಜಾರಿಯೊ ಮಾತೆಯ ಹೆಸರಿನಲ್ಲಿ. ಎರಡನೆಯದು ಉಳ್ಳಾಲದಲ್ಲಿ, ಕರುಣೆಯ ಮಾತೆಯ ಹೆಸರಿನಲ್ಲಿ. ಮೂರನೆಯದು ನಮ್ಮ ಫರಂಗಿಪೇಟೆಯಲ್ಲಿ, ಅಸಿಸಿಯ ಸಂತ ಫ್ರಾನ್ಸಿಸನ ಹೆಸರಿನಲ್ಲಿ. ಈ ಫ್ರಾನ್ಸಿಸ್ ಶ್ರೀಮಂತ ಬಟ್ಟೆವ್ಯಾಪಾರಿಯ ಮಗ. ತಂದೆಯ ಸಂಪತ್ತನ್ನೆಲ್ಲ ತೊರೆದು, ಕುಷ್ಠರೋಗಿಗಳ ಸೇವೆ ಮಾಡಿ, ಭಿಕ್ಷೆ ಬೇಡಿ ಬದುಕಿದವನು. ತನ್ನ ಅನುಯಾಯಿಗಳಿಗೆ ಅವನಿಟ್ಟ ಹೆಸರೇ ಕಿರಿಯ ಸೋದರರು ಎಂದು. ಹೀಗೆ ಕರುಣೆಗೂ ದೀನತೆಗೂ ಒಂದೊಂದು ಇಗರ್ಜಿಯ ಕಟ್ಟಡ ನಮ್ಮಲ್ಲಿ ಅಂದೇ ಎದ್ದಿತ್ತು. ಆದರೆ ಕಟ್ಟಿಸಿದವರ ಕೈಯಲ್ಲಿ ತುಪಾಕಿಯೂ ಇತ್ತು. ಇದನ್ನು ಮರೆತರೆ ಚರಿತ್ರೆಗೆ ಅಪಚಾರವಾದೀತು.

ತುಪಾಕಿಯಿಲ್ಲದ ಕ್ರೈಸ್ತನೂ ಒಬ್ಬ ಈ ನಾಡಿಗೆ ಬಂದನು. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್ 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿದ್ದರು. ಆಗ ಇಲ್ಲಿಯ ಕ್ರೈಸ್ತರ ಮೇಲಿನ ಧಾರ್ಮಿಕಾಧಿಕಾರ ಯಾರದ್ದೆಂಬ ವಿಷಯದಲ್ಲಿ ಗೋವೆಯ ಆಡಳಿತಕ್ಕೂ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ವಿವಾದ ನಡೆದಿತ್ತು. ವಾಜರು ಸಮಾಧಾನದ ದಾರಿ ಹುಡುಕಿದರು. ಬರಿಗಾಲಿನಲ್ಲಿ ಊರೂರು ನಡೆದರು. ಮುಡಿಪಿನ ಗುಡ್ಡದಲ್ಲಿ ಅವರ ನೆನಪಿನ ಕ್ಷೇತ್ರವಿದೆ. ರೋಗಿಯೊಬ್ಬನ ನೆಪ ಹೇಳಿ ರಾತ್ರಿ ಅವರನ್ನು ಗುಡ್ಡಕ್ಕೆ ಕರೆದೊಯ್ದು ಕೊಲ್ಲಲು ಕೆಲವರು ಯತ್ನಿಸಿದರೆಂದೂ, ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಮೊಣಕಾಲು ಊರಿದಲ್ಲಿ ಎರಡು, ಕೋಲು ಊರಿದಲ್ಲಿ ಒಂದು ಹೀಗೆ ಮೂರು ನೀರಸೆಲೆಗಳು ಚಿಮ್ಮಿದುವೆಂದೂ ಐತಿಹ್ಯ. ಐತಿಹ್ಯವನ್ನು ಚರಿತ್ರೆಯೆಂದು ನಾನು ಹೇಳುವುದಿಲ್ಲ. ಆದರೆ ಜನ ತಮ್ಮ ಸಂತನ ನೆನಪಿಗೆ ಕತ್ತಿಯನ್ನಾಗಲಿ ಸಿಂಹಾಸನವನ್ನಾಗಲಿ ಆರಿಸಿಕೊಳ್ಳದೆ, ಮೊಣಕಾಲೂರಿದ ಎರಡು ಗುಳಿಗಳನ್ನು ಆರಿಸಿಕೊಂಡರು ಎಂಬುದಂತೂ ಗಮನಾರ್ಹ.

ಇಲ್ಲಿಂದ ಹೋದಮೇಲೆ ವಾಜರು 1687ರಲ್ಲಿ ಬಡ ಕೂಲಿಯವನ ವೇಷದಲ್ಲಿ ಸಿಂಹಳದ್ವೀಪವನ್ನು ಸೇರಿದರು. ಅದರ ಕರಾವಳಿ ಆಗ ಡಚ್ಚರ ಕೈಯಲ್ಲಿತ್ತು. ಡಚ್ಚರೂ ಕ್ರೈಸ್ತರೇ, ಆದರೆ ಕೆಥೊಲಿಕ್ ಪಾದ್ರಿಗಳಿಗೆ ಅವರು ಪ್ರವೇಶವನ್ನು ನಿಷೇಧಿಸಿದ್ದರು. ವಾಜರಿಗೆ ಕೊನೆಗೆ ನೆಲೆ ದೊರೆತದ್ದು ಬೌದ್ಧ ದೊರೆಯಾದ ಕ್ಯಾಂಡಿಯ ವಿಮಲಧರ್ಮಸೂರ್ಯನ ರಾಜ್ಯದಲ್ಲಿ. ಪೋರ್ಚುಗೀಸರ ಗೂಢಚಾರನೆಂದು ಮೊದಲು ಸೆರೆಯಲ್ಲಿಟ್ಟರೂ ಆ ದೊರೆ ಮುಂದೆ ಅವರಿಗೆ ಸ್ವಾತಂತ್ರ್ಯವನ್ನು ಕೊಟ್ಟನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಮತಭೇದವೆಣಿಸದೆ ಅವರ ಶುಶ್ರೂಷೆ ಮಾಡಿದವರು ವಾಜರು. 1711ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ಇನ್ನು ಕಠಿಣವಾದ ಅಧ್ಯಾಯಕ್ಕೆ ಬರಬೇಕು. 1784ರಲ್ಲಿ ಮಂಗಳೂರು ಇಂಗ್ಲಿಷರ ಕೈಯಿಂದ ಪುನಃ ಟಿಪ್ಪು ಸುಲ್ತಾನನ ವಶವಾಯಿತು. ಕೆನರಾದ ಕ್ರೈಸ್ತರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಅವರ ಮೇಲಿತ್ತು. 1768ರಲ್ಲಿ, ಹೈದರಾಲಿಯ ಕಾಲದಲ್ಲಿಯೂ ಇಂತಹುದೇ ಆರೋಪ ಬಂದಿತ್ತು. ಆಗ ಮರಣದಂಡನೆಯ ಸಲಹೆಯನ್ನು ಒಪ್ಪದೆ ಹೈದರನು ಸೆರೆವಾಸದಲ್ಲಿ ಮುಗಿಸಿದ್ದನು. ಈ ಸಲ ಹಾಗಾಗಲಿಲ್ಲ. ಬೂದಿ ಬುಧವಾರದಂದು ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದರೆಂದು ಪರಂಪರೆ ಹೇಳುತ್ತದೆ. ಮನುಷ್ಯನು ಮಣ್ಣಿನವನು, ಮಣ್ಣಿಗೇ ಮರಳುವವನು ಎಂದು ನೆನಪಿಸಿ ಪಾದ್ರಿಗಳು ಹಣೆಗೆ ಬೂದಿಯಿಡುವ ದಿನವದು. ಆಸ್ತಿ ಮುಟ್ಟುಗೋಲಾಯಿತು. ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಿದರು. ಹೆಂಗಸರು, ಮಕ್ಕಳು, ಮುದುಕರು ಎನ್ನದೆ ಉಳಿದವರನ್ನು ಬೆಳ್ತಂಗಡಿಯ ದಾರಿಯಾಗಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಗಡಾಯಿಕಲ್ಲನ್ನು ನೋಡಿದಾಗಲೆಲ್ಲ ನನಗೆ ಆ ಸಾಲು ಕಣ್ಣಿಗೆ ಕಟ್ಟುತ್ತದೆ. ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ 1794ರದು. ಇವರು ಸಾಗಿಹೋದಾಗ ಅದಿನ್ನೂ ಎದ್ದಿರಲಿಲ್ಲ. ಸೆರೆಯಾದವರು 30 ಸಾವಿರವೆಂದು ಕೆಲವರು, 60 ಸಾವಿರವೆಂದು ಕೆಲವರು, ಅದಕ್ಕೂ ಹೆಚ್ಚೆಂದು ಇನ್ನು ಕೆಲವರು ಬರೆದಿದ್ದಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಬದುಕಿ ಮರಳಿದವರು ಹೋದವರ ಒಂದು ಭಾಗ ಮಾತ್ರ.

ಆಗ ನೆಲಸಮವಾದ ಇಗರ್ಜಿಗಳು ಇಪ್ಪತ್ತಕ್ಕೂ ಹೆಚ್ಚು. ಉಳ್ಳಾಲದ ಕರುಣೆಯ ಮಾತೆಯ ಇಗರ್ಜಿಯೂ ಉರುಳಿತು. ಆದರೆ ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಉಳಿಯಿತು. ಅದನ್ನು ಉಳಿಸಿದವನು ಮೂಡಬಿದಿರೆಯ ಚೌಟ ಅರಸ. ಅವನ ಸ್ನೇಹಪೂರ್ವಕವಾದ ಮಧ್ಯಸ್ಥಿಕೆಯಿಂದ ಆ ಕಟ್ಟಡಕ್ಕೆ ಕೈ ತಾಗಲಿಲ್ಲ.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಪೋರ್ಚುಗೀಸರೊಡನೆ ತಲೆಮಾರುಗಳವರೆಗೆ ಹೋರಾಡಿದ ವಂಶ ಇದು. ಪೋರ್ಚುಗೀಸರು ತಂದ ಮತದ ಗುಡಿಯೊಂದು ಉರುಳಿದರೆ ಸಂತೋಷಪಡಲು ಆ ಅರಸನಿಗೆ ಮನೆತನದ ಕಾರಣಗಳಿದ್ದುವು. ರಾಜ್ಯವೂ ಅಷ್ಟರಲ್ಲಿ ಕೈತಪ್ಪಿ, ಚೌಟರು ಮೈಸೂರಿನ ಅಧೀನದಲ್ಲಿದ್ದವರು. ಸುಲ್ತಾನನ ಮುಂದೆ ಬೇರೆಯವರಿಗಾಗಿ ಬಾಯಿ ತೆರೆಯುವುದು ಕ್ಷೇಮದ ಕೆಲಸವಾಗಿರಲಿಲ್ಲ. ಆದರೂ ಅವನು ತೆರೆದನು. ಇಂದಿಗೂ ಮೂಡಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡುತ್ತಾರೆ. ಕೆಲವರು ಚೌಟರ ಅರಮನೆಗೆ ಹೋಗಿ ಮರದ ಕಂಬದ ಮೇಲಿನ ನವನಾರೀಕುಂಜರವನ್ನೂ ನೋಡಿಬರುತ್ತಾರೆ. ಹೊಸಬೆಟ್ಟಿನ ಇಗರ್ಜಿಯನ್ನೂ ಒಮ್ಮೆ ನೋಡಬೇಕೆಂದು ನಾನು ಹೇಳುತ್ತೇನೆ. ಚೌಟರ ಕೀರ್ತಿಗೆ ಅದೂ ಒಂದು ಸ್ಮಾರಕ.

ಕೆಲವು ವರ್ಷಗಳ ಹಿಂದೆ ಗಲ್ಫಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದು, "ನಮ್ಮ ಹಿರಿಯರು ಪಟ್ಟ ಪಾಡನ್ನು ನಾವು ಮರೆಯಬೇಕೆ ಸರ್?" ಎಂದು ಕೇಳಿದ್ದ. ಅದೇ ಕಾಲದಲ್ಲಿ ನನ್ನ ಬಂಧುವೊಬ್ಬರು, "ಅವರ ಕಥೆಯನ್ನು ನೀವು ಯಾಕೆ ಬರೆಯಬೇಕು?" ಎಂದಿದ್ದರು. ಇಬ್ಬರಿಗೂ ನನ್ನ ಉತ್ತರ ಒಂದೇ. ಮರೆಯಬಾರದು, ಆದರೆ ಪೂರ್ತಿಯಾಗಿ ನೆನಪಿಡಬೇಕು. ಉರುಳಿದ ಇಗರ್ಜಿಗಳನ್ನೆಲ್ಲ ಎಣಿಸಿ, ಉಳಿದ ಒಂದನ್ನು ಬಿಡುವುದು ಚರಿತ್ರೆಯಲ್ಲ. ಕೆನರಾದ ಇಗರ್ಜಿಗಳನ್ನು ಕೆಡಹಿದ ಟಿಪ್ಪುವೇ, 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ, ದೇವಿಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದನು. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದುವು. ಗಾಯವನ್ನು ಮಾತ್ರ ನೆನೆಯುವವನಲ್ಲಿ ಅಭಿಮಾನ ಬೆಳೆಯುತ್ತದೆ. ಗಾಯಕ್ಕೆ ಮದ್ದು ಹಚ್ಚಿದ ಕೈಯನ್ನೂ ನೆನೆಯುವವನು ತಾನಾಗಿಯೇ ತಗ್ಗುತ್ತಾನೆ.

ಯೇಸುವಿನ ಒಂದು ಸಾಮತಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ದೇವಾಲಯದಲ್ಲಿ ಒಬ್ಬ ಧರ್ಮನಿಷ್ಠ ತಾನು ಮಾಡಿದ ವ್ರತ-ದಾನಗಳನ್ನು ದೇವರಿಗೆ ಒಪ್ಪಿಸುತ್ತ ನಿಂತಿದ್ದನು. ದೂರದಲ್ಲಿ ಸುಂಕ ವಸೂಲಿಯವನೊಬ್ಬ ತಲೆಯೆತ್ತದೆ ಎದೆ ಬಡಿದುಕೊಂಡು ಕರುಣೆಯನ್ನಷ್ಟೇ ಬೇಡಿದನು. ಮನೆಗೆ ಮರಳುವಾಗ ದೇವರಿಗೆ ಒಪ್ಪಿಗೆಯಾಗಿದ್ದವನು ಈ ಎರಡನೆಯವನು. ಮೊದಲಿನವನಿಗೆ ಕರುಣೆ ದೊರೆಯದಿದ್ದುದಕ್ಕೆ ಕಾರಣ ಅವನು ಕೆಟ್ಟವನಾಗಿದ್ದನೆಂದಲ್ಲ. ಅವನಿಗೆ ಅದರ ಅಗತ್ಯವೇ ಕಂಡಿರಲಿಲ್ಲ. ಇದನ್ನು ಓದುವಾಗ ನನಗೆ ತೋರುವುದಿಷ್ಟು: ಕರುಣೆ ಸಂಬಳದಂತೆ ದುಡಿದು ಪಡೆಯುವಂತಹುದಲ್ಲ, ಹಕ್ಕಿನಿಂದ ಕೇಳುವಂತಹುದೂ ಅಲ್ಲ. ಅದು ಬಂದಾಗ ಋಣವಾಗಿ ಬರುತ್ತದೆ. ಆ ಋಣದ ನೆನಪೇ ದೀನತೆ. ನಮ್ಮ ನಾಡಿನ ಕ್ರೈಸ್ತರ ಪಾಲಿಗೆ ಆ ಋಣಕ್ಕೆ ಹೆಸರಿದೆ: ಹೊಸಬೆಟ್ಟಿನಲ್ಲಿ ಜೈನ ಅರಸ, ಕ್ಯಾಂಡಿಯಲ್ಲಿ ಬೌದ್ಧ ದೊರೆ. ದೇವರು ತನ್ನ ಕರುಣೆಯನ್ನು ಕಳುಹಿಸುವಾಗ ಕೈಯ ಜಾತಿ ಕೇಳಿದಂತಿಲ್ಲ.

ಋಣ ಒಂದೇ ಕಡೆಯದಲ್ಲ. ಈ ಜಿಲ್ಲೆಯಲ್ಲಿ ಕ್ರೈಸ್ತರ ಶಾಲೆಗಳಲ್ಲಿ ಅಕ್ಷರ ಕಲಿಯದ, ಅವರ ಆಸ್ಪತ್ರೆಗಳಲ್ಲಿ ಜೀವ ಉಳಿಸಿಕೊಳ್ಳದ ಮನೆತನಗಳು ಎಷ್ಟಿವೆ? 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಮಂದಿರಗಳ ಮೇಲೆ ದಾಳಿಯಾದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಚೌಟ ಅರಸನ ನೆನಪು. ಬಸದಿಯಲ್ಲಿ ಕೈಮುಗಿಯುತ್ತಿದ್ದ ಆ ಅರಸನಿಗೆ ಹೊಸಬೆಟ್ಟಿನ ಗುಡಿ ಪರಕೀಯವಾಗಿ ಕಂಡಿರಲಿಲ್ಲ. ಅವನಿಗಿಂತ ಇನ್ನೂರು ವರ್ಷ ಮುಂದಿರುವ ನಮಗೆ ಅಷ್ಟೂ ಸಾಧ್ಯವಾಗದೆ ಹೋದರೆ, ಕಲಿತದ್ದರಿಂದ ಬಂದ ಪ್ರಯೋಜನವೇನು?

ಪೋಪ್ ಫ್ರಾನ್ಸಿಸರು 2013ರ ಪವಿತ್ರ ಗುರುವಾರದಂದು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಅಲ್ಲಿದ್ದ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಮುಸಲ್ಮಾನ ಹುಡುಗಿಯೂ ಇದ್ದಳು. ಪಾದ ತೊಳೆಯಬೇಕಾದರೆ ಎಷ್ಟು ದೊಡ್ಡವನಾದರೂ ನೆಲಕ್ಕೆ ಬಾಗಲೇಬೇಕು. ನಿಂತುಕೊಂಡು ಮಾಡಬಹುದಾದ ಕೆಲಸ ಅದಲ್ಲ. ಕ್ರೈಸ್ತರು ಈಸ್ಟರ್ ಕಳೆದ ಮರು ಭಾನುವಾರವನ್ನು ದೇವರ ಕರುಣೆಯ ಭಾನುವಾರವೆಂದು 2000ನೆಯ ಇಸವಿಯಿಂದ ಆಚರಿಸುತ್ತಾರೆ. ಆ ದಿನ ಹೊಸಬೆಟ್ಟಿನ ಕಡೆಗೆ ಹೋಗುವ ನನ್ನ ವಿದ್ಯಾರ್ಥಿಗಳು ಚೌಟ ಅರಸನಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸಲಿ. ಪೊಳಲಿಯ ಜಾತ್ರೆಗೆ ಬರುವ ನನ್ನ ಬಂಧುಗಳು ಮಣ್ಣಿನ ಮೂರ್ತಿಯ ಮುಂದೆ ತಲೆಬಾಗುವಾಗ, ಹಣೆಯಲ್ಲಿ ಬೂದಿಯಿಟ್ಟುಕೊಂಡು ಘಟ್ಟ ಹತ್ತಿದ ನೆರೆಯವರನ್ನೂ ಒಮ್ಮೆ ನೆನೆಯಲಿ. ನಿಮ್ಮೆಲ್ಲರಿಗೂ ಒಳಿತಾಗಲಿ.