ಆಧಾರದ ಹಿಂದಿನ ಆಧಾರ: ಕಾಸರಗೋಡಿನಲ್ಲಿ ಮನೆ ಜಾಗ ಕೊಳ್ಳುವವರಿಗೆ ಸ್ವಲ್ಪ ಚರಿತ್ರೆ

ನಮ್ಮ ಶಾಲೆಗಳ ಹೆತ್ತವರಲ್ಲಿ ಹಲವರು ಹತ್ತು ಸೆಂಟ್ಸ್ ಜಾಗ ತೆಗೆದು ಮನೆ ಕಟ್ಟಲು ಹೊರಟಾಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕನ್ನಡ ಅಧ್ಯಾಪಕರನ್ನು ಹುಡುಕಿಕೊಂಡು ಬರುತ್ತಾರೆ. ಚೀಲದಲ್ಲಿ ಮೇಲಿನ ನಾಲ್ಕು ಕಾಗದ ಮಲಯಾಳದ್ದು, ಕೆಳಗಿನ ಎರಡು ಕನ್ನಡದ್ದು. ಬ್ಯಾಂಕಿನವರು "ಮುನ್ನಾಧಾರ" ಕೇಳಿದ್ದಾರೆ, ಅದು ಯಾವುದು ಎಂಬುದು ಅವರ ಪ್ರಶ್ನೆ. ಇಲ್ಲಿ ಆಧಾರ ಎಂದರೆ ಈಗಿನ ಕಾರ್ಡು ಅಲ್ಲ, ಕ್ರಯಚೀಟು. ಮುನ್ನಾಧಾರ ಎಂದರೆ ಮಾರುವವನಿಗೆ ಆ ಜಾಗ ಹೇಗೆ ಬಂತು ಎಂದು ತೋರಿಸುವ ಹಿಂದಿನ ಕಾಗದ. ಇದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ನಾಡಿನ ಇನ್ನೂರು ವರ್ಷಗಳ ಚರಿತ್ರೆಗೆ ಕೈ ಹಾಕಬೇಕಾಗುತ್ತದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಬೇರೆ ಸೀಮೆಗಳಲ್ಲಿ ಕಾಣದ ಒಂದು ಸಂಗತಿ ಆತನಿಗೆ ಇಲ್ಲಿ ಕಂಡಿತು: ಭೂಮಿ ಖಾಸಗಿ ಸೊತ್ತು, ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಅದಕ್ಕೆಲ್ಲ ಬರಹದ ದಾಖಲೆ ಇದೆ. ಆ ಕಾಲದ ಲೆಕ್ಕಪತ್ರಗಳು ಕಡತಗಳಲ್ಲಿ ಇರುತ್ತಿದ್ದವು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಚಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕ ಅದು. ಇವತ್ತು ಸರಕಾರಿ ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಶಬ್ದದ ಮೂಲ ಇದೇ.

ರೈತವಾರಿ ಪದ್ಧತಿಯಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುವ ಹಿಡುವಳಿಗೆ "ವರ್ಗ" ಎಂದು ಹೆಸರು, ಅದರ ಯಜಮಾನ ವರ್ಗದಾರ. ವರ್ಗದಾರನ ಕೆಳಗೆ ಮೂಲಗೇಣಿಯವರು. ಅವರದು ಶಾಶ್ವತ ಹಕ್ಕು, ಗೇಣಿ ಏರಿಸುವಂತಿಲ್ಲ. ಅವರಿಗಿಂತ ಕೆಳಗೆ ಚಾಲಗೇಣಿಯವರು. ಇವರಿಗೆ ಧನಿ ಏಳು ಎಂದರೆ ಏಳಬೇಕು. ಹಳೆಯ ಕನ್ನಡ ಚೀಟು ಕೈಗೆ ಬಂದಾಗ ನಾವು ಮೊದಲು ಹುಡುಕುವುದು ಈ ಶಬ್ದಗಳನ್ನೇ. ಕ್ರಯಚೀಟೋ, ಮೂಲಗೇಣಿ ಚೀಟೋ, ಅಥವಾ ಬರೀ ಭೋಗ್ಯದ ಅಡವೋ? ಅಡವಿನ ಕಾಗದವನ್ನೇ ಆಸ್ತಿಯ ಕಾಗದವೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಮನೆಗಳೂ ಇವೆ. ಅಡವು ಬಿಡಿಸಿಕೊಳ್ಳಲು 1908ರ ವಾಯಿದೆ ಕಾಯಿದೆಯಲ್ಲಿ 60 ವರ್ಷ ಇತ್ತು, 1963ರ ಕಾಯಿದೆಯಲ್ಲಿ ಅದು 30 ಆಯಿತು. ವಕೀಲರು ಮೂವತ್ತು ವರ್ಷದ ಬಾಧ್ಯತಾ ಪತ್ರ ತನ್ನಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕುಮ್ಕಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ತಕರಾರು ಇರುವುದು ಅಲ್ಲೇ. ಫಸಲಿ 1276ಕ್ಕಿಂತ, ಅಂದರೆ 1866ಕ್ಕಿಂತ ಮೊದಲಿನ ಕದೀಂ ವರ್ಗದ ಸಾಗುವಳಿ ಭೂಮಿಯಿಂದ ನೂರು ಗಜದ ಒಳಗಿರುವ ಸರಕಾರಿ ಪಾಳು ಜಾಗದಲ್ಲಿ ಸೊಪ್ಪು, ಕಟ್ಟಿಗೆ, ಮೇವು ತೆಗೆದುಕೊಳ್ಳುವ ಸವಲತ್ತು ವರ್ಗದಾರನಿಗೆ ಇತ್ತು. ಅದು ಸವಲತ್ತು ಮಾತ್ರ. ಜಾಗ ಸರಕಾರದ್ದೇ. (ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ಈ ಲೆಕ್ಕವನ್ನು ಮಕ್ಕಳಿಗೂ ಹೇಳಿಕೊಡಬಹುದು.) ಮೂರು ತಲೆಮಾರು ಬೇಲಿ ಹಾಕಿ ಗೇರು ನೆಟ್ಟು ಅನುಭವಿಸಿದವರಿಗೆ ಅದು ತಮ್ಮದಲ್ಲ ಎಂದರೆ ನಂಬಿಕೆ ಬರುವುದಿಲ್ಲ. ಆದರೆ ಮಾರುವವನು ಮೂವತ್ತು ಸೆಂಟ್ಸ್ ತೋರಿಸಿ, ಆಧಾರದಲ್ಲಿ ಇಪ್ಪತ್ತು ಮಾತ್ರ ಇದ್ದರೆ ಉಳಿದ ಹತ್ತು ಏನೆಂದು ಕೇಳಲೇಬೇಕು. ಕುಮ್ಕಿಯಾದರೆ ಅದಕ್ಕೆ ಪಟ್ಟೆ ಆಗದೆ ಕ್ರಯ ಕೊಡುವುದು ನೀರಿಗೆ ಹಣ ಸುರಿದಂತೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದರ ನೋವಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕಾಗದದ ಮಟ್ಟಿಗೆ ಆದದ್ದು ಏನೆಂದರೆ ಒಂದೇ ಜಾಗದ ದಾಖಲೆ ಎರಡು ಲಿಪಿಯಲ್ಲಿ ಬೆಳೆಯತೊಡಗಿತು. ಮಲಯಾಳದ ಹೆಸರುಗಳಿಗೆ ಹೆದರಬೇಕಾಗಿಲ್ಲ. "ಪೋಕುವರವು" ಎಂದರೆ ಹೋಗುವುದು-ಬರುವುದು, ಒಬ್ಬರ ಹೆಸರಿನಿಂದ ಹೋಗಿ ಇನ್ನೊಬ್ಬರ ಹೆಸರಿಗೆ ಬರುವುದು. "ಕೈವಶ" ನಮಗೂ ಗೊತ್ತು. "ತಂಡಪ್ಪೇರ್" ಎಂದರೆ ವಿಲ್ಲೇಜ್ ಆಫೀಸಿನಲ್ಲಿರುವ ನಿಮ್ಮ ಖಾತೆ. ಆಧಾರ ರಿಜಿಸ್ಟರ್ ಆದ ಮೇಲೆ ಪೋಕುವರವು ಮಾಡಿ, ನಿಮ್ಮ ಹೆಸರಿನಲ್ಲಿ ತೀರ್ವೆ ಕಟ್ಟಿ ರಶೀದಿ ಪಡೆಯುವವರೆಗೆ ಕೆಲಸ ಮುಗಿದಂತಲ್ಲ.

ಗೇಣಿಯ ಚರಿತ್ರೆ ಮುಂದುವರಿದದ್ದು ಕೋರ್ಟಿನಲ್ಲಿ. ಕೇರಳದ ಮೊದಲ ಕೃಷಿ ಸಂಬಂಧ ಕಾಯಿದೆ 1961ರಲ್ಲಿ ಬಂದಾಗ ನಮ್ಮ ಹೊಸದುರ್ಗ-ಕಾಸರಗೋಡು ಕಡೆಯ ಭೂಮಾಲಕರೇ ಸುಪ್ರೀಂ ಕೋರ್ಟಿಗೆ ಹೋದರು. ಮದ್ರಾಸಿನಿಂದ ಬಂದ ಈ ರೈತವಾರಿ ಭೂಮಿಗೆ ಆ ಕಾಯಿದೆ ಅನ್ವಯಿಸದು ಎಂದು 1961ರ ಡಿಸೆಂಬರಿನಲ್ಲಿ ತೀರ್ಪಾಯಿತು. ಬಳಿಕ 1963ರ ಭೂಸುಧಾರಣಾ ಕಾಯಿದೆ, ಅದಕ್ಕೆ 1969ರ ತಿದ್ದುಪಡಿ. 1970ರ ಜನವರಿ 1ರಿಂದ ಗೇಣಿ ಭೂಮಿಯಲ್ಲಿ ಧನಿಯ ಹಕ್ಕು ಸರಕಾರಕ್ಕೆ ಸೇರಿತು. ಒಕ್ಕಲು ಲ್ಯಾಂಡ್ ಟ್ರಿಬ್ಯೂನಲಿಗೆ ಅರ್ಜಿ ಹಾಕಿ ಕ್ರಯ ಸರ್ಟಿಫಿಕೇಟು ಪಡೆದ. ಪರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುದಾರರಿಗೂ ಪಂಚಾಯತಿನಲ್ಲಿ 10 ಸೆಂಟ್ಸ್‌ವರೆಗೆ ಕೊಳ್ಳುವ ಹಕ್ಕು ಬಂತು. ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಮನೆ ನಿಂತಿರುವುದು ಆ ಹತ್ತು ಸೆಂಟ್ಸ್ ಮೇಲೆ. ಟ್ರಿಬ್ಯೂನಲಿನ ಸರ್ಟಿಫಿಕೇಟು ಇದ್ದರೆ ಬ್ಯಾಂಕಿಗೆ ಅದೇ ಮೂಲ ದಾಖಲೆ. ಅದು ಕಳೆದುಹೋಗಿದ್ದರೆ ಮಾರುವವನೇ ನಕಲು ತೆಗೆಸಿ ಕೊಡಲಿ. ಮುಂಗಡ ಕೊಡುವ ಮೊದಲೇ ಇದನ್ನು ಕೇಳಬೇಕು, ಏಕೆಂದರೆ ಕರಾರು ಬರೆದು ಹಣ ಕೊಟ್ಟ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ. ಸರಕಾರ ಪತಿಸಿ ಕೊಟ್ಟ ಜಾಗವಾದರೆ ಇಂತಿಷ್ಟು ವರ್ಷ ಮಾರಬಾರದೆಂಬ ಶರ್ತ ಇರಬಹುದು, ಅದನ್ನೂ ಓದಿ ನೋಡಬೇಕು.

ಇನ್ನು ಅಳಿಯಸಂತಾನ. ತುಳುನಾಡಿನ ಹಲವು ಸಮುದಾಯಗಳಲ್ಲಿ ಆಸ್ತಿ ಯಾರೊಬ್ಬರದ್ದೂ ಅಲ್ಲ, ತಾಯಿಯ ಕಡೆಯಿಂದ ಬರುವ ಕುಟುಂಬದ್ದು, ಅದರೊಳಗೆ ಕವರುಗಳದ್ದು. ಯಜಮಾನನ ಹೆಸರಿನಲ್ಲಿ ಪಟ್ಟೆ ಇದ್ದರೂ ಅವನು ಆಡಳಿತ ನೋಡುವವ ಮಾತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನಷ್ಟು ಬದಲಿಸಿತು. ಕೇರಳದಲ್ಲಿ 1975ರ ಅವಿಭಕ್ತ ಕುಟುಂಬ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಯಾದಾಗ ಕುಟುಂಬದ ಪ್ರತಿಯೊಬ್ಬರೂ ಪಾಲುದಾರರೆಂದಾಯಿತು. ಹಾಗಾಗಿ ಮುಂಬಯಿಯಲ್ಲಿ ಹೋಟೆಲು ಸೇರಿದ ತಂಗಿಯ ಮಗನ ಸಹಿಯೂ ಬೇಕು. "ಅವನು ಏನೂ ಹೇಳುವುದಿಲ್ಲ ಮಾಸ್ತರೇ" ಎಂಬ ಮಾತು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುವುದಿಲ್ಲ. ಮಾರುವವನು ವಿಭಾಗ ಪತ್ರ ತೋರಿಸಲಿ.

ನೆಲದ ಜಾತಿಯೂ ನೋಡಬೇಕು. ಬೈಲು, ಮಜಲು, ಬೆಟ್ಟು ಎಂಬ ಮೂರೂ ನಮ್ಮಲ್ಲಿ ಭತ್ತದ ಗದ್ದೆಗಳೇ. ಬೆಟ್ಟು ಎಂದೊಡನೆ ಗುಡ್ಡೆ ಎಂದು ತಿಳಿದು ಮನೆ ಕಟ್ಟಲು ಹೊರಟವರಿಗೆ ದಾಖಲೆಯಲ್ಲಿ "ನಿಲಂ" ಎಂದು ಕಂಡು ಗಾಬರಿಯಾದದ್ದುಂಟು. 2008ರ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಲಂ ಮುಚ್ಚಿ ಮನೆ ಕಟ್ಟಲು ಅನುಮತಿ ಬೇಕು. ಸ್ವಂತ ವಾಸಕ್ಕಾದರೆ ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ಮಿತಿ. ಡಾಟಾ ಬ್ಯಾಂಕಿನಲ್ಲಿ ಆ ಸರ್ವೆ ನಂಬ್ರ ಇದೆಯೇ ಎಂದು ಕೃಷಿಭವನದಲ್ಲಿ ಕೇಳಿ. ನಮಗೆ ಕೇಳಿದರೆ ಗದ್ದೆ ಗದ್ದೆಯಾಗಿಯೇ ಉಳಿಯಲಿ ಎನ್ನುತ್ತೇವೆ, ಆದರೆ ಜಾಗವಿಲ್ಲದವರೆದುರು ಆ ಮಾತು ಹೇಳಲು ನಾಲಗೆ ಏಳುವುದಿಲ್ಲ.

ಹಣದ ಲೆಕ್ಕ ಚಿಕ್ಕದು. ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ ನೂರಕ್ಕೆ 2. ಹತ್ತು ಲಕ್ಷದ ಜಾಗಕ್ಕೆ ಒಂದು ಲಕ್ಷ ಬೇರೆಯೇ ಬೇಕು, ಬ್ಯಾಂಕು ಸಾಮಾನ್ಯವಾಗಿ ಇದನ್ನು ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಲೆ ಕಡಿಮೆ ಬರೆಸೋಣವೆಂದರೆ 2010ರಿಂದ ಸರಕಾರದ ನ್ಯಾಯಬೆಲೆ ಇದೆ, ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

2024ರ ಅಕ್ಟೋಬರಿನಲ್ಲಿ ಕೇರಳದ "ಎಂಟೆ ಭೂಮಿ" ಪೋರ್ಟಲು ಮೊದಲು ಆರಂಭವಾದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರುಳುವಾರಿನಲ್ಲಿ. ರಿಜಿಸ್ಟ್ರೇಶನ್, ಕಂದಾಯ, ಸರ್ವೆ ಮೂರೂ ಅದರಲ್ಲಿ ಒಂದೇ ಕಡೆ ಸಿಗುತ್ತವೆ. ಆದರೂ ಹಿಂದಿನವರ ಕನ್ನಡ ಚೀಟಿನಲ್ಲಿ ಕೂಡಕ್ಷರದಲ್ಲಿ ಬರೆದ ಚತುಸ್ಸೀಮೆಯನ್ನು, "ಮೂಡಲು ತೋಡು, ಪಡುವಲು ಕಟ್ಟಪುಣಿ" ಎಂಬ ಗಡಿಯನ್ನು, ಕಣ್ಣಲ್ಲಿ ಓದಿ ಕಾಲಲ್ಲಿ ನಡೆದೇ ನೋಡಬೇಕು. ಅಂಥ ಕಾಗದ ಮನೆಯಲ್ಲಿ ಇದ್ದವರು ಒಂದು ನಕಲು ಶಾಲೆಗೆ ಕೊಟ್ಟುಕಳಿಸಿ. ಹತ್ತನೆಯ ತರಗತಿಯ ಮಕ್ಕಳೊಂದಿಗೆ ಕುಳಿತು ಓದಿ ಕೊಡುತ್ತೇವೆ.