ಯಾದಿ ಬರೆಯುವವರು ಯಾರು?
ಊರಿನ ಅಸಹಾಯಕರ ಪಾಲನೆ ನಡೆದು ಬಂದ ದಾರಿ



ನಮ್ಮ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಾಲ, ಠೇವಣಿ, ಗೊಬ್ಬರದ ಇತಿಹಾಸವನ್ನು ನಮಗಿಂತ ತಿಳಿದವರು ಬರೆಯುತ್ತಾರೆ. ನಾವು ಬ್ಯಾರೆ ವಿಷಯ ತಗೊಂಡೇವಿ. ಊರಾಗಿನ ಮುದುಕರು, ಗಂಡ ಸತ್ತ ಹೆಣ್ಣುಮಕ್ಕಳು, ಅಂಗವಿಕಲರು, ಹಾಸಿಗಿ ಹಿಡಿದವರು, ಇವರನ್ನು ನೋಡಿಕೊಳ್ಳುವ ಹೊಣೆ ಕಾಲಕಾಲಕ್ಕೆ ಯಾರ ಕೈಯಲ್ಲಿತ್ತು, ಈಗ ಯಾರ ಕೈಯಲ್ಲಿದೆ ಎಂಬುದು.

ಇದನ್ನು ಈಗ ಕೇಳಲೇಬೇಕಾಗಿದೆ. ಯಾವಗಲ್ ಇರಲಿ, ರೋಣ, ನರಗುಂದ, ಗಜೇಂದ್ರಗಡದ ಕಡೆಯ ಯಾವ ಊರೇ ಇರಲಿ, ಮಳಿ ಕೈಕೊಟ್ಟ ವರ್ಷ ವಯಸ್ಸಿನ ಮಂದಿ ಗೋವಾ, ಮಂಗಳೂರು, ಬೆಂಗಳೂರು ಅಂತ ದುಡಿಯಾಕ ಹೋಗುತ್ತಾರೆ. ಮನಿಯೊಳಗ ಉಳಿಯುವವರು ಮುದುಕ-ಮುದುಕಿ. ರೊಕ್ಕ ಫೋನಿನೊಳಗ ಬರತೈತಿ, ಖರೆ. ಆದರೆ ರಾತ್ರಿ ಎದ್ದಾಗ ಕೈ ಹಿಡಿಯಲು ಫೋನಿಗೆ ಕೈ ಇಲ್ಲ.

ಹಿಂದೆ ಎಲ್ಲ ಬರೋಬ್ಬರಿ ಇತ್ತು ಎಂದು ಹಿರಿಯರು ಹೇಳುವುದುಂಟು. ಸುಗ್ಗಿಯಾಗ ಕಣಕ್ಕೆ ಬಂದವರಿಗೆ ಕಾಳು ಹಾಕದೆ ರಾಶಿ ಮನೆಗೆ ತರುತ್ತಿರಲಿಲ್ಲ, ಮಠದಲ್ಲಿ ದಾಸೋಹ ಇತ್ತು, ಮನಿ ತುಂಬ ಮಂದಿ ಇದ್ದರು. ಇದು ಸುಳ್ಳಲ್ಲ. ಆದರೆ ಕಣದಲ್ಲಿ ಎಲ್ಲರಿಗೂ ಒಂದೇ ಮರ ಕಾಳು ಬೀಳುತ್ತಿರಲಿಲ್ಲ. ಬೇಡಿದವನ ಜಾತಿ, ಮನೆತನ ನೋಡಿಯೇ ಕೈ ಮುಂದಾಗುತ್ತಿತ್ತು. ಹಳೆಯದೆಲ್ಲ ಬಂಗಾರವೆಂದು ನಾವಂತೂ ಬರೆಯಲಾರೆವು.

ಸರ್ಕಾರ ಇಂಥವರ ಹೆಸರು ಬರೆಸಿದ್ದು ಬರಗಾಲದಲ್ಲಿ. 1876-78ರ ಬರ ಮುಂಬಯಿ ಪ್ರಾಂತದ ನಮ್ಮ ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ. ಅದಾದ ಮೇಲೆ 1880ರ ಬರ ಆಯೋಗದ ವರದಿಯಂತೆ ಬರಗಾಲದ ನಿಯಮಾವಳಿಗಳು ಬಂದವು. ದುಡಿಯಬಲ್ಲವರಿಗೆ ರಸ್ತೆ, ಕೆರೆ ಕೆಲಸ. ದುಡಿಯಲಾರದ ಮುದುಕರು, ಕುರುಡರು, ರೋಗಿಗಳಿಗೆ ಊರಲ್ಲೇ ಪುಕ್ಕಟೆ ಕಾಳು ಅಥವಾ ರೊಕ್ಕ. ಯಾರು ದುಡಿಯಲಾರರು ಎಂದು ಯಾದಿ ಮಾಡುವ ಕೆಲಸ ಊರಿನ ಅಧಿಕಾರಿಗಳ ತಲಿ ಮ್ಯಾಲೆ. ಮಳಿ ಆತು, ಬೆಳೆ ಬಂತು ಎಂದರೆ ಯಾದಿಯ ಪುಸ್ತಕ ಮುಚ್ಚುತ್ತಿತ್ತು. ಇದೇ ಇಂಗ್ಲಿಷರ ದೇಶದಲ್ಲಿ 1601ರಷ್ಟು ಹಿಂದೆಯೇ ಊರೂರಿಗೆ ಕರ ಎತ್ತಿ ಅಲ್ಲಿನ ಅಸಹಾಯಕರನ್ನು ಸಾಕಬೇಕೆಂಬ ಕಾನೂನಿತ್ತು. ಆ ಕಾನೂನನ್ನು ಮಾತ್ರ ಅವರು ಹಡಗಿನಲ್ಲಿ ಹಾಕಿಕೊಂಡು ಇಲ್ಲಿಗೆ ತರಲಿಲ್ಲ.

ಸರ್ಕಾರ ಬಿಟ್ಟ ಕೆಲಸವನ್ನು ನಮ್ಮ ಕಡೆ ದೊಡ್ಡವರು ಹಿಡಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡದವರು ನಮ್ಮಲ್ಲಿ ಕಡಿಮೆ. ಪಂಚಾಕ್ಷರ ಗವಾಯಿಗಳು ತಾವೇ ಅಂಧರು, ಅಂಧ ಮಕ್ಕಳನ್ನು ಕರೆತಂದು ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನೇ ನಡೆಸಿದರು. ನಾಟಕ ಕಂಪನಿ ಕಟ್ಟಿ, ಜೋಳಿಗೆ ಹಿಡಿದು ರೊಕ್ಕ ಕೂಡಿಸಿದ ಸಂಸ್ಥೆ ಅದು.

ಸಹಕಾರದ ಮಾತೂ ಬರಬೇಕು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ ರೈತನನ್ನು ಸಾವುಕಾರನ ಬಡ್ಡಿಯಿಂದ ಬಿಡಿಸಲು ನಿಂತರು. ಅದು ನಮ್ಮ ಜಿಲ್ಲೆಗೆ ಕಿರೀಟ. ಆದರೆ ಪತ್ತಿನ ಸಂಘ ಎಂದರೆ ದುಡಿದು ಸಾಲ ತೀರಿಸಬಲ್ಲವನ ಸಂಘ. ದುಡಿಯಲಾರದವನು ಷೇರು ತಗೊಂಡವನಲ್ಲ, ನಮ್ಮ ಖಾತೆ ಪುಸ್ತಕದಲ್ಲಿ ಅವನ ಹೆಸರೇ ಇರುವುದಿಲ್ಲ.

1960ರ ದಶಕದಲ್ಲಿ ಮೈಸೂರು ರಾಜ್ಯ ವೃದ್ಧಾಪ್ಯ ವೇತನ ತಂದಿತು. ಆಮೇಲೆ ಅಂಗವಿಕಲರಿಗೆ, ವಿಧವೆಯರಿಗೆ. ಈಗ ಯಾದಿ ತಲಾಠಿಯ ಕೈಗೆ ಬಂತು. ವಯಸ್ಸಿನ ದಾಖಲೆ ಬೇಕು, ಉತ್ಪನ್ನದ ದಾಖಲೆ ಬೇಕು, ಮಂಜೂರಿ ತಹಶೀಲ್ದಾರರದು. ಹುಟ್ಟಿದ ತಾರೀಖು ಗೊತ್ತಿಲ್ಲದ ಮುದುಕಿ "ದೊಡ್ಡ ಬರ ಬಿದ್ದಾಗ ನಾ ನಡ್ಯಾಕ ಕಲ್ತಿದ್ನೆಪ್ಪಾ" ಅಂದರೆ ಅದಕ್ಕೆ ಶಿಕ್ಕಾ ಹಾಕುವವರು ಯಾರು? ಮನಿಆರ್ಡರ್ ಬಂದ ದಿನ ಪೋಸ್ಟಮನ್ ಕಟ್ಟೆಗೆ ಕೂತರೆ ಸುತ್ತಲೂ ಹೆಬ್ಬೆಟ್ಟು ಒತ್ತುವವರು. ಒಂದೊಂದು ಸಲ ಮೂರು ತಿಂಗಳದ್ದು ಕೂಡಿ ಬರುತ್ತಿತ್ತು, ಅಷ್ಟರಲ್ಲಿ ಕೆಲವರು ತೀರಿಕೊಂಡಿರುತ್ತಿದ್ದರು. 1995ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ತಿಂಗಳಿಗೆ 75 ರೂಪಾಯಿ ಕೊಡತೊಡಗಿತು, ಮುಂದೆ ಅದು 200 ಆಯಿತು. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯಿಂದ ಶುರುವಾಗಿ 2021ರಲ್ಲಿ 1,200ಕ್ಕೆ ಮುಟ್ಟಿತು. ರೊಕ್ಕ ಬ್ಯಾಂಕಿಗೆ ಬಂದ ಮೇಲೆ ನಡುವೆ ಸೋರುವುದು ಕಡಿಮೆಯಾಗಿದೆ. ಜೀವಮಾನವೆಲ್ಲ ಕಳೆ ತೆಗೆದು ಸವೆದ ಬೆರಳು ಯಂತ್ರಕ್ಕೆ ಹೊಂದದೆ ವಾಪಸು ಬರುವ ಹೊಸ ತ್ರಾಸು ಶುರುವಾಗಿದೆ.

ಇನ್ನು ಪಂಚಾಯ್ತಿಯ ಮಾತು. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಚುನಾವಣೆ ನಡೆದು ಅಧಿಕಾರ ಊರಿನ ಹತ್ತಿರ ಬಂತು. ಮುಂದೆ ಸಂವಿಧಾನದ 73ನೇ ತಿದ್ದುಪಡಿ, 1993ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ. ತಿದ್ದುಪಡಿಯ 29 ವಿಷಯಗಳೊಳಗೆ ಅಂಗವಿಕಲರೂ ಸೇರಿದಂತೆ ಸಮಾಜ ಕಲ್ಯಾಣವೂ ಒಂದು. ಆದರೆ ವೃದ್ಧಾಪ್ಯ, ವಿಧವಾ ವೇತನದಲ್ಲಿ ನಮ್ಮ ಕಾಯ್ದೆ ಗ್ರಾಮ ಪಂಚಾಯ್ತಿಗೆ ಕೊಟ್ಟ ಕೆಲಸ ಮೇಲ್ವಿಚಾರಣೆ. ಮಂಜೂರಿ ಕಂದಾಯ ಇಲಾಖೆಯಲ್ಲೇ ಉಳಿಯಿತು. ಅಂದರೆ ಮುದುಕಿಯ ಮನಿ ಗೊತ್ತಿದ್ದವರಿಗೆ ಸಹಿ ಇಲ್ಲ, ಸಹಿ ಇದ್ದವರಿಗೆ ಮನಿ ಗೊತ್ತಿಲ್ಲ.

ಒಂದು ವಿಚಿತ್ರ ನೋಡಿರಿ. ಅದೇ 1993ರ ಏಪ್ರಿಲ್ 1ರಿಂದ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್ಲುಗಳಿಗೂ ಇದೇ ಕೆಲಸ ಪೂರ್ತಿ ಬಂತು. ಯಾರಿಗೆ ಸ್ನಾನ ಮಾಡಿಸಬೇಕು, ಯಾರಿಗೆ ಊಟ ಮುಟ್ಟಿಸಬೇಕು, ಯಾರನ್ನು ಆಶ್ರಮಕ್ಕೆ ಸೇರಿಸಬೇಕು ಎಂದು ಒಬ್ಬೊಬ್ಬರದೂ ವಿಚಾರಿಸಿ, ಯೋಜನೆ ಬರೆದು, ರೊಕ್ಕ ಎತ್ತಿಡಬೇಕು. ಅಲ್ಲಿಯೂ ರೊಕ್ಕ ಸಾಲದೆಂಬ ಕೂಗು ನಿಂತಿಲ್ಲ. ಆದರೆ ಲೆಕ್ಕ ಶುರುವಾಗುವುದು ಮನುಷ್ಯನಿಗೆ ಏನು ಬೇಕೆಂಬುದರಿಂದ. ನಮ್ಮ ಕಡೆ ಗ್ರಾಮಸಭೆಗಳಲ್ಲಿ ಲೆಕ್ಕ ಶುರುವಾಗುವುದು ಗಟಾರದಿಂದ, ಮುಗಿಯುವುದು ಸಿ.ಸಿ. ರಸ್ತೆಗೆ. ಗಟಾರ ಬ್ಯಾಡ ಎನ್ನುವವರು ನಾವಲ್ಲ. ಹಾಸಿಗಿ ಹಿಡಿದವರು ಗ್ರಾಮಸಭೆಗೆ ಎದ್ದು ಬಂದು ಕೈ ಎತ್ತಲಾರರು, ಅಷ್ಟೇ.

ಇಂಗ್ಲೆಂಡು ದೂರವಾಯಿತು ಎನ್ನುವವರು ಕನ್ನಡಿಗರೇ ಇರುವ ಕಾಸರಗೋಡಿನ ಕಡೆ ನೋಡಬಹುದು. ಅಲ್ಲಿ ಗೇರು ತೋಟಗಳ ಮೇಲೆ 2000ರವರೆಗೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ ಪಂಚಾಯ್ತಿಯ ಪಡ್ರೆಯಂಥ ಹಳ್ಳಿಗಳಲ್ಲಿ ಮನೆಮನೆಯಲ್ಲಿ ಏಳಲಾರದ ಮಕ್ಕಳು, ಆ ಮಕ್ಕಳೇ ಬೆಳೆದು ದೊಡ್ಡವರಾದರು. ಇಂಥವರಿಗಾಗಿ ಕೇರಳದ ಪಂಚಾಯ್ತಿಗಳು 'ಬಡ್ಸ್' ಶಾಲೆ ನಡೆಸುತ್ತವೆ, ಹದಿನೆಂಟು ದಾಟಿದವರಿಗೂ ಹಗಲು ಕೇಂದ್ರ ಇಡುತ್ತವೆ. 1993ರಲ್ಲಿ ಕೋಳಿಕೋಡಿನಲ್ಲಿ ಕೆಲವು ವೈದ್ಯರು, ಸ್ವಯಂಸೇವಕರು ಶುರುಮಾಡಿದ ನೋವು ಶಮನದ ಸೇವೆಯೂ 2008ರ ರಾಜ್ಯ ನೀತಿಯ ನಂತರ ಪಂಚಾಯ್ತಿಗೆ ಸೇರಿತು. ನರ್ಸಬಾಯಿ ಮನೆಗೇ ಹೋಗಿ ಗಾಯ ತೊಳೆಯುತ್ತಾರೆ. ಇದು ಬರೀ ಮನಸ್ಸಿನಿಂದ ಆದದ್ದಲ್ಲ. 1996ರಿಂದ ಆ ರಾಜ್ಯ ತನ್ನ ಯೋಜನಾ ಹಣದ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಪಂಚಾಯ್ತಿ ಹಣದಲ್ಲಿ ಅಂಗವಿಕಲರಿಗೆ ಮೊದಲು ಶೇಕಡಾ 3 ಇದ್ದದ್ದು ಈಗ 5 ಆಗಿದೆ. ಪಂಚಾಯ್ತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅವರೂ ಅಂಗವಿಕಲರೇ. ತಂದೆ-ತಾಯಿಯನ್ನು ನೋಡದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಲು 2007ರ ಕಾನೂನಿದೆ. ಆದರೆ ಮಗನ ಮ್ಯಾಲೆ ಅರ್ಜಿ ಬರೆಸಾಕ ಯಾವ ತಾಯಿ ಹೊಸ್ತಿಲು ದಾಟತಾಳ? ಸಹಕಾರಿಗಳಿಗೆಂದು 2003ರಲ್ಲಿ ಜಾರಿಯಾದ ಯಶಸ್ವಿನಿ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಶುರುವಾಯಿತು. ಅದು ಆಪರೇಷನ್ ಖರ್ಚು ಕೊಡತೈತಿ. ಆಪರೇಷನ್ ಮುಗಿಸಿ ಮನಿಗೆ ಬಂದವರನ್ನು ಎಬ್ಬಿಸಿ ಕೂಡಿಸುವವರ ಖರ್ಚು ಯಾವ ಯೋಜನೆಯಲ್ಲೂ ಇಲ್ಲ.

ಸಂಘದಿಂದ ಆಗುವಂಥದ್ದು ಒಂದು ಕೆಲಸ ಇದೆ. ಸದಸ್ಯರು ತಮ್ಮ ಓಣಿಯಲ್ಲಿ ಒಬ್ಬರೇ ಇರುವ ಮುದುಕರು, ಹಾಸಿಗೆಯಲ್ಲಿರುವವರು, ವೇತನ ನಿಂತುಹೋದವರು ಯಾರೆಂದು ಸಂಘದ ಕಚೇರಿಗೆ ಬಂದು ಹೇಳಬೇಕು. ಷೇರು ಇದ್ದವರು ಇಲ್ಲದವರು ಎಂದು ನೋಡುವುದು ಬ್ಯಾಡ. ಹೆಸರು, ಓಣಿ, ಮಕ್ಕಳು ಎಲ್ಲಿದ್ದಾರೆ, ಮುಖ್ಯವಾಗಿ ಏನು ಬೇಕು, ಇಷ್ಟು ಸಾಕು. ಮುಂದಿನ ಗ್ರಾಮಸಭೆಯಲ್ಲಿ ಗಟಾರದ ವಿಷಯ ಬರುವುದಕ್ಕೆ ಮೊದಲೇ ಆ ಯಾದಿಯನ್ನು ಗಟ್ಟಿಯಾಗಿ ಓದಿ ಠರಾವಿನಲ್ಲಿ ಬರೆಸಬೇಕು ಎಂಬುದು ನಮ್ಮ ವಿಚಾರ.