ಅಜ್ಞಾತ ಸ್ತ್ರೀಯೊಬ್ಬಳ ನಾಮಾನ್ವೇಷಣೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಕಾಲಪಟ್ಟಿ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಹೆಸರಿಲ್ಲದೆ ಮಣ್ಣುಪಾಲಾದ ಒಬ್ಬ ಹೆಂಗಸು ಯಾರೆಂಬುದನ್ನು ನಿರ್ಣಯಿಸುವುದೂ ಇತಿಹಾಸದ ಕೆಲಸವೇ ಸರಿ. ಸವೆದ ಶಾಸನವನ್ನೋದುವವನಿಗೆ ಬೇಕಾದ ಪ್ರಮಾಣವಿವೇಕ, ತಾಳ್ಮೆಗಳೆರಡೂ ಅಲ್ಲಿಯೂ ಬೇಕು. ಇದಕ್ಕೆ ನಿದರ್ಶನವಾಗಿ ಅಮೆರಿಕಾ ದೇಶದ ಕೆಂಟಕಿ ಸಂಸ್ಥಾನದ ವೃತ್ತಾಂತವೊಂದನ್ನು ವಾಚಕರ ಮುಂದಿಡುತ್ತೇನೆ.

1968ನೆಯ ಇಸವಿ ಮೇ ತಿಂಗಳ 17ನೆಯ ತಾರೀಖು ಜಾರ್ಜ್‌ಟೌನ್ ಪಟ್ಟಣದ ಉತ್ತರಕ್ಕೆ, 25ನೆಯ ಹೆದ್ದಾರಿಯ ಬದಿಯಲ್ಲಿ, ಬಾವಿ ಕೊರೆಯುವ ಕಸುಬಿನವನೊಬ್ಬನು ತಂತಿಕಂಬಗಳ ಹಳೆಯ ಗಾಜಿನ ಇನ್ಸುಲೇಟರುಗಳನ್ನು ಆಯುತ್ತಿದ್ದನು. ಆಗ ಗುಡಾರದ ದಪ್ಪ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಸ್ತ್ರೀಶವವೊಂದು ಅವನ ಕಣ್ಣಿಗೆ ಬಿತ್ತು. ಪರೀಕ್ಷಿಸಿದವರು ಅವಳ ವಯಸ್ಸು 16ರಿಂದ 19ರೊಳಗೆಂದು ಅಂದಾಜುಮಾಡಿದರು. ಮುಖದ ಚಿತ್ರವನ್ನು ಬರೆಯಿಸಿ ಪತ್ರಿಕೆಗಳಲ್ಲಿ ಪ್ರಕಟಿಸಿದರೂ ಗುರುತು ಹತ್ತಲಿಲ್ಲ. ಪತ್ರಿಕೆಯವರು 'ಗುಡಾರದ ಹುಡುಗಿ'ಯೆಂದು ಕರೆದದ್ದೇ ಅವಳಿಗೆ ಹೆಸರಾಯಿತು. 1971ರಲ್ಲಿ ಅವಳ ಸಮಾಧಿಗೆ ನಿಲ್ಲಿಸಿದ ಕಲ್ಲಿನ ಮೇಲೆ ಆ ಮುಖವನ್ನೂ, ಎತ್ತರ, ತೂಕ, ಕೂದಲಿನ ಬಣ್ಣ ಇವುಗಳನ್ನೂ ಕೆತ್ತಿಸಿದರು. ಹೆಸರಿರಬೇಕಾದ ಎಡೆಯಲ್ಲಿ ಲಕ್ಷಣಗಳು ಮಾತ್ರ ನಿಂತವು.

ಸುಮಾರು ಇಪ್ಪತ್ತು ವರ್ಷಗಳ ತರುವಾಯ ಟೆನೆಸ್ಸೀ ಸಂಸ್ಥಾನದ ಟಾಡ್ ಮ್ಯಾಥ್ಯೂಸ್ ಎಂಬ ಯುವಕರು ಈ ಸಂಗತಿಯನ್ನು ಕೇಳಿದರು. ಶವವನ್ನು ಕಂಡ ಆ ಬಾವಿಯವನೇ ಅವರಿಗೆ ಹೆಣ್ಣು ಕೊಟ್ಟ ಮಾವ. ಮ್ಯಾಥ್ಯೂಸರು ಪೋಲೀಸಿನವರಲ್ಲ, ವೈದ್ಯರಲ್ಲ. ಕಾರ್ಖಾನೆಯಲ್ಲಿ ದುಡಿದು ಜೀವಿಸುವವರು. ಆದರೂ ಹಳೆಯ ಪತ್ರಿಕೆಗಳನ್ನು ತಿರುವಿಹಾಕುತ್ತ, ಕಂಡವರನ್ನು ವಿಚಾರಿಸುತ್ತ ಹತ್ತು ವರ್ಷಗಳನ್ನು ಸವೆಸಿದರು. ಅಂತರ್ಜಾಲವು ಆಗತಾನೇ ಮನೆಗಳಿಗೆ ಬರುತ್ತಿದ್ದ ಕಾಲ. 1998ರ ಜನವರಿಯಲ್ಲಿ, ಕೆಲಸ ಮುಗಿಸಿ ಬಂದ ರಾತ್ರಿಯ ಹುಡುಕಾಟದಲ್ಲಿ, ಅವರಿಗೊಂದು ವಿಜ್ಞಾಪನೆ ದೊರೆಯಿತು. ಜಾರ್ಜ್‌ಟೌನಿಗೆ ಸಮೀಪದ ಲೆಕ್ಸಿಂಗ್‌ಟನ್ನಿನಿಂದ 1967ರ ಕೊನೆಯಲ್ಲಿ ಕಾಣೆಯಾದ ತನ್ನ ಅಕ್ಕನನ್ನು ಆರ್ಕನ್ಸಾ ಸಂಸ್ಥಾನದಲ್ಲಿದ್ದ ತಂಗಿಯೊಬ್ಬಳು ಅರಸುತ್ತಿದ್ದಳು. ಎತ್ತರ, ಕೂದಲು, ಸ್ಥಳ, ಕಾಲ ಎಲ್ಲವೂ ಹೊಂದಿದವು. ಮಾರ್ಚಿಯಲ್ಲಿ ಸಮಾಧಿಯನ್ನು ತೆಗೆಸಿದರು. ಏಪ್ರಿಲಿನಲ್ಲಿ ಡಿ.ಎನ್.ಎ. ಪರೀಕ್ಷೆಯು ಸಂದೇಹವನ್ನು ಪರಿಹರಿಸಿತು.

ಇಲ್ಲಿ ತರ್ಕದೃಷ್ಟಿಯಿಂದ ವಿಚಾರಣೀಯವಾದ ಅಂಶವೊಂದುಂಟು. ಮೃತಳು ಹದಿಹರೆಯದ ಹುಡುಗಿಯಲ್ಲ. 24 ವರ್ಷದ ಗೃಹಿಣಿ, ಮಗುವಿನ ತಾಯಿ. ವಯಸ್ಸಿನ ಅಂದಾಜೆಂಬ ದುಷ್ಟ ಹೇತುವನ್ನೇ ಸಿದ್ಧಾಂತವೆಂದು ಹಿಡಿದದ್ದರಿಂದ ಮೂವತ್ತು ವರ್ಷ ಜನರು ಇಲ್ಲದ ಹುಡುಗಿಯೊಬ್ಬಳನ್ನು ಹುಡುಕಿದರು. ಶವದೊಡನೆ ದೊರೆತ ಬಿಳಿಯ ಬಟ್ಟೆಯ ತುಂಡೊಂದು ಕೂಸಿಗೆ ಉಡಿಸುವ ಬಟ್ಟೆಯಾಗಿರಬಹುದೆಂಬ ಊಹೆ ಹುಟ್ಟಿದ್ದರೂ, ಅದು ಕಲ್ಲಿನ ಮೇಲೆ ಕೆತ್ತಿದ ಅಂಕಿಗಳನ್ನು ಅಲುಗಿಸಲಾರದೆ ಹೋಯಿತು. ಒಮ್ಮೆ ಕೆತ್ತಿದ್ದೆಲ್ಲ ಸತ್ಯವಲ್ಲವೆಂಬುದನ್ನು ಶಾಸನಗಳನ್ನು ಬಲ್ಲವರು ಚೆನ್ನಾಗಿ ಅರಿತಿರುತ್ತಾರೆ.

ಅಧಿಕಾರಿಗಳಿಗೆ ಏಕೆ ಇದು ಸಾಧ್ಯವಾಗಲಿಲ್ಲವೆಂದು ಕೇಳಬಹುದು. ಅವರ ಬಳಿ ಶವವಿತ್ತು, ಕಾಣೆಯಾದಳೆಂಬ ದೂರಿರಲಿಲ್ಲ. ಹೆಂಡತಿಯು ಪರಪುರುಷನೊಡನೆ ಹೊರಟುಹೋದಳೆಂದು ಗಂಡನು ಬಂಧುಗಳಿಗೆ ಹೇಳಿಬಿಟ್ಟಿದ್ದನು. ಬಂಧುಗಳ ಬಳಿ ಶೋಕವಿತ್ತು, ಶವವಿರಲಿಲ್ಲ. 'ಅಂದು ಕಂಡ ದೇವದತ್ತನೇ ಇವನು' ಎಂಬ ಪ್ರತ್ಯಭಿಜ್ಞೆಗೆ ಹಿಂದಿನ ನೆನಪೂ ಇಂದಿನ ಕಾಣ್ಕೆಯೂ ಒಂದೆಡೆ ಕೂಡಬೇಕಷ್ಟೆ. ಆ ಎರಡು ತುಂಡುಗಳು ಬೇರೆ ಬೇರೆ ಸಂಸ್ಥಾನಗಳಲ್ಲಿ ಬಿದ್ದಿದ್ದವು. ಅವನ್ನು ಕೂಡಿಸುವ ಹೊಣೆ ಯಾರದೂ ಅಲ್ಲದ್ದರಿಂದಲೇ ಹೊಣೆಯಿಲ್ಲದವರೊಬ್ಬರು ಅದನ್ನು ಹೊತ್ತರು. ಗಂಡನು 1987ರಲ್ಲಿಯೇ ತೀರಿಹೋಗಿದ್ದನು. ಆದಕಾರಣ ನ್ಯಾಯಸ್ಥಾನದಲ್ಲಿ ಯಾವ ತೀರ್ಮಾನವೂ ಆಗಲಿಲ್ಲ. ಅವಳ ಮೇಲೆ ಹೊರಿಸಿದ್ದ ಅಪವಾದವು ಮಾತ್ರ ಕಳೆಯಿತು. ಮನೆಯನ್ನು ತೊರೆದು ಹೋದವಳೆಂದು ಮೂವತ್ತು ವರ್ಷ ಎಣಿಸಲ್ಪಟ್ಟವಳು ಎಲ್ಲಿಗೂ ಹೋಗಿರಲೇ ಇಲ್ಲ.

ಈ ಸಂಗತಿಯ ಫಲವು ಅಲ್ಲಿಗೇ ನಿಲ್ಲಲಿಲ್ಲ. ಡೋ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಸಂಘವು ಕಾಣೆಯಾದವರ ಪಟ್ಟಿಯನ್ನೂ ಅಜ್ಞಾತ ಮೃತರ ಪಟ್ಟಿಯನ್ನೂ ಹೋಲಿಸಿನೋಡುವ ಕೆಲಸವನ್ನು ಕೈಕೊಂಡಿತು. ಮ್ಯಾಥ್ಯೂಸರು ಅದರ ಮುಂದಾಳುಗಳಲ್ಲೊಬ್ಬರಾದರು. ಅಮೆರಿಕಾ ಸರ್ಕಾರವೂ 'ನಾಮಸ್' ಎಂಬ ಸಾರ್ವಜನಿಕ ದಾಖಲೆಯನ್ನು ಏರ್ಪಡಿಸಿ, 2009ರಲ್ಲಿ ಎರಡು ಬಗೆಯ ಪಟ್ಟಿಗಳನ್ನೂ ಒಂದಕ್ಕೊಂದು ಹೊಂದಿಸಿತು. ಹವ್ಯಾಸಿಗಳ ಉತ್ಸಾಹಕ್ಕೆ ಅಪಾಯವೂ ಉಂಟು. ಅರ್ಧ ಹೋಲಿಕೆಯನ್ನು ಪೂರ್ಣವೆಂದು ಸಾರಿದರೆ, ಶೋಕದಲ್ಲಿರುವ ಮನೆಗೆ ಎರಡನೆಯ ಸಾವನ್ನು ಒಯ್ದಂತಾಗುತ್ತದೆ. ಊಹೆಯು ಹವ್ಯಾಸಿಯದಾಗಬಹುದು, ನಿರ್ಣಯವು ಪರೀಕ್ಷೆಯದೇ ಆಗಬೇಕು. ಮ್ಯಾಥ್ಯೂಸರ ಕಾರ್ಯದಲ್ಲಿ ಈ ಮರ್ಯಾದೆಯು ಉಳಿದುಬಂದಿತು.

ನಮ್ಮ ತರ್ಪಣವಿಧಿಯಲ್ಲಿ ನಾಮಗೋತ್ರಗಳನ್ನುಚ್ಚರಿಸಿಯೇ ನೀರು ಬಿಡಬೇಕೆಂಬ ನಿಯಮವುಂಟು. ಹೆಸರು ಹೋದರೆ ಮೃತರೊಡನೆ ಬದುಕಿರುವವರ ನಂಟೇ ಕಡಿಯುತ್ತದೆಂಬ ಭಾವವು ಅದರಲ್ಲಡಗಿದೆ. ಕೆಂಟಕಿಯ ಆ ಸಮಾಧಿಯಲ್ಲಿ ಹಳೆಯ ಕಲ್ಲನ್ನು ಕೀಳದೆ, ಅವಳ ನಿಜನಾಮವನ್ನು ಅಲ್ಲಿಯೇ ಸೇರಿಸಿದರು. ಆ ಹೆಸರನ್ನು ಇಲ್ಲಿ ಬರೆದಿಲ್ಲ. ಅದು ಆ ಮನೆಯವರ ಸೊತ್ತು. ಅವರಿಗೆ ಅದು ಮರಳಿ ಸಂದಿತೆಂಬುದಷ್ಟೇ ನಮಗೆ ಪ್ರಕೃತ.